ಕೆಜಾಯ ಅತ್ತೆಯ ಓಟು

ನನ್ನ ಅಪ್ಪನ ಅಕ್ಕ ಕೆಜಾಯ ವಾಂಡೋರನ್ ಹದಿನೇಳು ವರ್ಷ ಓಟು ಹಾಕಿದವಳು. ಇದನ್ನು ಹೇಳಿದರೆ ಈಗಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಫೀಬಿಗೆ, ಅಂದರೆ ನನಗೆ, ಅರಳುಮರಳು ಎಂದುಕೊಳ್ಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಅತ್ತೆಯ ಗಂಡ ಇಂಗ್ಲೆಂಡಿನ ರಾಜನ ವಿರುದ್ಧದ ಯುದ್ಧಕ್ಕೆ ಹೋದವನು ಮಾರಿಸ್‌ಟೌನಿನ ಚಳಿಗಾಲದ ಬಿಡಾರದಲ್ಲಿ ಸಿಡುಬು ಬಂದು ಸತ್ತ. ಗುಂಡು ತಗುಲಿ ಸತ್ತಿದ್ದರೆ ಊರವರು ಇನ್ನೂ ಸ್ವಲ್ಪ ಮರ್ಯಾದೆ ಕೊಡುತ್ತಿದ್ದರೇನೋ. ಮಕ್ಕಳಿರಲಿಲ್ಲ. ರ‍್ಯಾರಿಟನ್ ನದಿಯ ದಂಡೆಯ ಮೇಲೆ ತೊಗಲು ಹದ ಮಾಡುವ ಆರು ತೊಟ್ಟಿ, ಅದರ ಹಿಂದಿನ ಜಮೀನು, ಎಲ್ಲವನ್ನೂ ಅವಳ ಹೆಸರಿಗೇ ಬರೆದಿಟ್ಟಿದ್ದ. ಮಾರಿ ತವರಿಗೆ ಬಾ ಎಂದು ಅಪ್ಪ ಕರೆದ. ಅವಳು ಬರಲಿಲ್ಲ. ಓಕ್ ತೊಗಟೆಯ ಕಷಾಯದಲ್ಲಿ ಅದ್ದಿ ಅದ್ದಿ ಅವಳ ಕೈ ಮೊಣಕೈವರೆಗೆ ಕಂದು ಬಣ್ಣಕ್ಕೆ ತಿರುಗಿತ್ತು. ಚರ್ಚಿನಲ್ಲಿ ಅವಳ ಪಕ್ಕ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ‘ನಿಮ್ಮ ಕಾಲಲ್ಲಿರೋ ಬೂಟಿಗೂ ಇದೇ ವಾಸನೆ ಇತ್ತು, ಆವಾಗ ನೀವು ನೋಡಿರ್ಲಿಲ್ಲ ಅಷ್ಟೇ’ ಎನ್ನುತ್ತಿದ್ದಳು.

ನಮ್ಮ ನ್ಯೂಜೆರ್ಸಿಯ ಸಂವಿಧಾನ ಬರೆದದ್ದು ಸಾವಿರದ ಏಳುನೂರ ಎಪ್ಪತ್ತಾರರಲ್ಲಿ, ರಾಜನ ಸೈನ್ಯ ಹಡಗಿನಿಂದ ಇಳಿಯುತ್ತಿದ್ದಾಗ, ಎರಡೇ ದಿನದ ಅವಸರದಲ್ಲಿ. ಐವತ್ತು ಪೌಂಡಿನ ಆಸ್ತಿಯಿರುವ ‘ಎಲ್ಲ ನಿವಾಸಿಗಳಿಗೂ’ ಓಟು ಎಂದು ಅದರಲ್ಲಿತ್ತು. ಗಂಡು ಎಂದಿರಲಿಲ್ಲ, ಬಿಳಿಯ ಎಂದಿರಲಿಲ್ಲ. ತೊಂಬತ್ತರಲ್ಲಿ ನಮ್ಮ ಜಿಲ್ಲೆಗೆ ಬಂದ ಚುನಾವಣೆ ಕಾನೂನಿನಲ್ಲಿ ‘ಅವನು ಅಥವಾ ಅವಳು’ ಎಂದೇ ಅಚ್ಚಾಯಿತು. ಮದುವೆಯಾದ ಹೆಂಗಸಿನ ಆಸ್ತಿಯೆಲ್ಲ ಗಂಡನದು, ಹಾಗಾಗಿ ಅವಳಿಗೆ ಓಟಿಲ್ಲ. ವಿಧವೆಗೆ, ಮದುವೆಯಾಗದವಳಿಗೆ ಇತ್ತು. ಮುಂದಿನ ಅಕ್ಟೋಬರಿನಿಂದ ಅತ್ತೆ ಒಂದು ವರ್ಷವೂ ತಪ್ಪಿಸಲಿಲ್ಲ.

ಹಿಟ್ಟಿನ ಗಿರಣಿಯ ಲೆಮ್ಯುಯಲ್ ಪ್ರಾಲ್ ಹೆಂಡತಿ ತೀರಿದ ಮೇಲೆ ಅವಳನ್ನು ಮದುವೆಯಾಗುತ್ತೇನೆಂದು ಬಂದ. ಅವಳು ಹೇಳಿದ್ದು ಊರಿಗೆಲ್ಲ ಗೊತ್ತಾಯಿತು.

‘ಲೆಮ್ಯುಯಲ್, ನೀನು ಒಳ್ಳೇವ್ನೇ. ಆದ್ರೆ ಪಾದ್ರಿ ಆಮೆನ್ ಅಂದ ಕೂಡ್ಲೇ ನನ್ನ ತೊಟ್ಟಿ, ನನ್ನ ಜಮೀನು, ನನ್ನ ಓಟು ಮೂರೂ ನಿನ್ನ ಜೇಬಿಗೆ. ನನ್ನ ಪಾಲಿಗೆ ಬರೋದು ನಿನ್ನ ಹರಕಲು ಕಾಲುಚೀಲ.’

ಅವನು ಬಿದ್ದು ಬಿದ್ದು ನಕ್ಕ. ಇಬ್ಬರೂ ಸ್ನೇಹಿತರಾಗಿಯೇ ಉಳಿದರು. ಸಾವಿರದ ಎಂಟುನೂರ ಏಳರ ಅಕ್ಟೋಬರಿನಲ್ಲಿ ಅವನು ಶಾಸನಸಭೆಗೆ ನಿಂತಾಗ ಅತ್ತೆ ತನ್ನ ಬಂಡಿಗೆ ಕುದುರೆ ಕಟ್ಟಿ ನಾಲ್ವರು ವಿಧವೆಯರನ್ನೂ ಮದುವೆಯಾಗದ ಇಬ್ಬರು ಅಕ್ಕತಂಗಿಯರನ್ನೂ ಹೆಂಡದಂಗಡಿಯಲ್ಲಿದ್ದ ಮತಗಟ್ಟೆಗೆ ಕರೆದುಕೊಂಡು ಹೋದಳು. ಆಗ ನನಗೆ ಇಪ್ಪತ್ತು; ಲಗಾಮು ಹಿಡಿದವಳು ನಾನೇ. ಅವಳ ತೊಟ್ಟಿಗಳ ಮೇಸ್ತ್ರಿ ಜೂಬಲ್ ಟೆನಿಕ್ ನಡೆದು ಬಂದ. ಅವನು ದಾಸ್ಯದಿಂದ ಬಿಡುಗಡೆಯಾದ ಕಪ್ಪು ಮನುಷ್ಯ. ಹನ್ನೆರಡು ಎಕರೆ ಸ್ವಂತ ನೆಲ ಮಾಡಿಕೊಂಡಿದ್ದ. ಅವನೂ ಪ್ರಾಲ್‌ಗೇ ಹಾಕಿದ. ಪ್ರಾಲ್ ಹನ್ನೊಂದು ಓಟಿನಿಂದ ಗೆದ್ದ.

ನವೆಂಬರಿನಲ್ಲಿ ರಾಜಧಾನಿ ಟ್ರೆಂಟನ್ನಿನಿಂದ ಸುದ್ದಿ ಬಂತು. ಇನ್ನು ಮುಂದೆ ಓಟು ಬಿಳಿಯ ಗಂಡಸರಿಗೆ ಮಾತ್ರ. ಅದೇ ವರ್ಷ ಎಸೆಕ್ಸ್ ಜಿಲ್ಲೆಯಲ್ಲಿ ಕೋರ್ಟು ಎಲ್ಲಿ ಕಟ್ಟಬೇಕೆಂಬ ಮತದಾನದಲ್ಲಿ ಭಾರಿ ಮೋಸ ನಡೆದಿತ್ತು. ಗಂಡಸರು ಲಂಗ ತೊಟ್ಟು ಮತ್ತೆ ಮತ್ತೆ ಓಟು ಹಾಕಿದರೆಂದು ಜನ ಹೇಳುತ್ತಿದ್ದರು. ಅದನ್ನೇ ನೆಪ ಮಾಡಿಕೊಂಡರು. ಶಾಸನಸಭೆಯಲ್ಲಿ ಈ ಕಾನೂನು ಬೇಡ ಎಂದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಪ್ರಾಲ್ ಇರಲಿಲ್ಲ.

ಅತ್ತೆ ಏಪ್ರನ್ ಕೂಡ ಬಿಚ್ಚದೆ ಗಿರಣಿಗೆ ನಡೆದಳು. ನಾನು ಹಿಂದೆಯೇ ಓಡಿದೆ.

‘ಲಂಗ ಹಾಕ್ಕೊಂಡು ಕಳ್ಳತನ ಮಾಡಿದ್ದು ಗಂಡಸು. ಶಿಕ್ಷೆ ಲಂಗಕ್ಕಾ?’

‘ಕೆಜಾಯ, ಇದು ನಿನ್ನ ಮೇಲಿನ ದ್ವೇಷ ಅಲ್ಲ. ಎರಡೂ ಪಕ್ಷದೋರು ಮೊದ್ಲೇ ಮಾತಾಡ್ಕೊಂಡಿದ್ರು. ಎಲ್ರೂ ಹೂಂ ಅಂದಾಗ ನಾನೊಬ್ಬ ಊಹೂಂ ಅಂದಿದ್ರೆ ಏನಾಗ್ತಿತ್ತು ಹೇಳು?’

‘ನೀನೊಬ್ಬ ಅಂದೆ ಅಂತ ನಂಗೆ ಗೊತ್ತಾಗ್ತಿತ್ತು.’

‘ನಿಂಗೇನು ಕಮ್ಮಿಯಾಯ್ತು? ತೊಟ್ಟಿ ಇದೆ, ನೆಲ ಇದೆ...’

‘ಯುದ್ಧ ಮಾಡುವಾಗ ಏನಂತ ಕೂಗಿದ್ರಿ? ನಮ್ಮನ್ನ ಕೇಳ್ದೆ ನಮ್ಮ ಮೇಲೆ ತೆರಿಗೆ ಹಾಕೋನು ಕಳ್ಳ ಅಂತ ತಾನೇ? ಈಗ ನೀನು ಯಾರಪ್ಪ? ಸಂವಿಧಾನದಲ್ಲಿರೋ ಮಾತನ್ನ ಬರೀ ಒಂದು ಕಾನೂನು ತಂದು ಅಳಿಸಿದ್ರಲ್ಲ, ನಾಳೆ ನಿನ್ನ ಹೆಸರು ಅಳಿಸಿದ್ರೆ ಯಾರ ಹತ್ರ ಹೋಗಿ ಅಳ್ತೀಯ?’

ಪ್ರಾಲ್ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತ ನಿಂತ. ಆಮೇಲೆ ಸಾಯುವವರೆಗೂ ಅವಳು ಅವನ ಗಿರಣಿಯ ಹಿಟ್ಟು ತಿನ್ನಲಿಲ್ಲ. ಒಂಬತ್ತು ಮೈಲಿ ದೂರದಿಂದ ತರಿಸಿದಳು.

ಮರುವರ್ಷ ಅಕ್ಟೋಬರಿನಲ್ಲಿ ಅವಳೂ ಜೂಬಲ್ಲನೂ ಮತ್ತೆ ಮತಗಟ್ಟೆಗೆ ಹೋದರು; ಜೊತೆಗೆ ನಾನೂ ಇದ್ದೆ. ಅವರ ಮುಂದೆ ಸಾಲಿನಲ್ಲಿದ್ದವನು ಟೈಸ್. ಅವನು ಬೆಳಿಗ್ಗೆಯಿಂದ ಆ ಪಕ್ಷ ಈ ಪಕ್ಷದವರು ಕುಡಿಸಿದ ಸೇಬಿನ ಹೆಂಡ ಕುಡಿದು ಗೋಡೆ ಹಿಡಿದು ನಿಂತಿದ್ದ. ಅವನಿಗೆ ನೆಲವೂ ಇಲ್ಲ, ನೆಲೆಯೂ ಇಲ್ಲ. ಆದರೆ ತೆರಿಗೆ ಪಟ್ಟಿಯಲ್ಲಿ ಹೆಸರಿದ್ದ ಬಿಳಿಯ ಗಂಡಸಿಗೆಲ್ಲ ಐವತ್ತು ಪೌಂಡಿನ ಆಸ್ತಿ ಇದೆಯೆಂದೇ ತಿಳಿಯಬೇಕೆಂದು ಅದೇ ಹೊಸ ಕಾನೂನು ಹೇಳಿತ್ತು. ಟೈಸ್ ಚೀಟಿ ಹಾಕಿ, ತಿರುಗಿ, ಅತ್ತೆಗೆ ಟೋಪಿ ಎತ್ತಿ ನಮಸ್ಕರಿಸಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಪಾಪ.

ಮೇಜಿನ ಹಿಂದೆ ಕೂತಿದ್ದ ಚುನಾವಣಾಧಿಕಾರಿ ಡೆರಿಕ್ ತಲೆ ಎತ್ತದೆ, ‘ಅಮ್ಮ, ನಿಮಗೆ ಗೊತ್ತಲ್ಲ’ ಎಂದ.

‘ಗೊತ್ತಿಲ್ಲ. ಬಾಯಿ ಬಿಟ್ಟು ಹೇಳು.’

‘ನೀವು ಓಟು ಹಾಕೋ ಹಾಗಿಲ್ಲ.’

‘ಯಾಕೆ? ಎಲ್ರಿಗೂ ಕೇಳ್ಬೇಕು, ಜೋರಾಗಿ ಹೇಳು.’

‘ಯಾಕಂದ್ರೆ... ನೀವು ಹೆಂಗಸು.’

ಹೆಂಡದಂಗಡಿ ಘೊಳ್ಳೆಂದಿತು. ಅತ್ತೆ ಮೇಜಿಗೆ ಕೈಬಡಿದು, ನಕ್ಕ ಒಬ್ಬೊಬ್ಬನ ಹೆಸರು ಹಿಡಿದು, ಅವರ ಅಪ್ಪಂದಿರು ಯುದ್ಧದಲ್ಲಿ ಯಾವ ಯಾವ ಅಟ್ಟದಲ್ಲಿ ಅಡಗಿದ್ದರೆಂದು ಹೇಳತೊಡಗಿದಳು. ನಗು ನಿಂತಿತು. ಜೂಬಲ್ ತನ್ನ ಚೀಟಿಯನ್ನು ಮಡಿಸಿ ಕೋಟಿನೊಳಗೆ ಇಟ್ಟುಕೊಂಡು ಮೊದಲೇ ಹೊರಗೆ ಹೋಗಿದ್ದ.

ದಾರಿಯಲ್ಲಿ ಅವಳು ಅವನ ಮೇಲೂ ಹರಿಹಾಯ್ದಳು. ‘ನೀನ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ? ನಿನ್ನದೂ ಹೋಯ್ತಲ್ಲ!’

ಜೂಬಲ್ ನಡೆಯುವುದನ್ನು ನಿಲ್ಲಿಸಿದ. ‘ನೀವು ಕೂಗಿದ್ರೆ ಮುದುಕಿಗೆ ತಲೆಕೆಟ್ಟಿದೆ ಅಂತಾರೆ, ಅಮ್ಮಾವ್ರೇ. ನಾನು ಕೂಗಿದ್ರೆ ಹಗ್ಗ ತರ್ತಾರೆ. ಇನ್ನೊಂದು ಮಾತು. ನಿಮ್ಮ ತಮ್ಮನವರ ಮನೇಲಿ ಸೂಕಿ ಇದಾಳಲ್ಲ, ಅವಳನ್ನ ಕೊಂಡು ತಂದು ಇಪ್ಪತ್ತೆರಡು ವರ್ಷ ಆಯ್ತು. ಅವಳು ಮಾಡಿದ ಅಡುಗೆ ಉಣ್ಣೋವಾಗ ನಿಮಗೆ ಒಂದು ದಿನನಾದ್ರೂ ಇಷ್ಟು ಕೋಪ ಬಂದದ್ದು ನಾನು ಕಾಣೆ.’

ಅತ್ತೆಯ ಮುಖಕ್ಕೆ ಹೊಡೆದಂತಾಯಿತು. ಅವನ ಮಾತು ನನಗೂ ತಾಗಿತು. ನಾನು ಬೆಳೆದದ್ದೇ ಸೂಕಿಯ ಮಡಿಲಲ್ಲಿ.

ಅತ್ತೆ ತನ್ನ ಮನೆಗೆ ಹೋಗಲಿಲ್ಲ, ನೇರವಾಗಿ ನಮ್ಮ ಮನೆಗೆ ಬಂದಳು. ಅಪ್ಪ ಊಟಕ್ಕೆ ಕೂತಿದ್ದ. ‘ಆ ಹೆಂಗಸಿಗೆ ಬಿಡುಗಡೆ ಪತ್ರ ಬರೆದುಕೊಡು’ ಎಂದಳು. ‘ಅಕ್ಕಾ, ಮತಗಟ್ಟೆಯಲ್ಲಿ ಸೋತ ಸಿಟ್ಟನ್ನ ನನ್ನ ಅಡುಗೆಮನೆಗೆ ತರಬೇಡ’ ಎಂದ ಅಪ್ಪ. ಇಬ್ಬರೂ ಎರಡು ವರ್ಷ ಮಾತು ಬಿಟ್ಟರು. ಅವಳು ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ, ಜನರೆಲ್ಲ ಕೇಳುವಂತೆ, ‘ಪತ್ರ ಬರೆದೆಯಾ?’ ಎಂದು ಮಾತ್ರ ಕೇಳುತ್ತಿದ್ದಳು. ಕೊನೆಗೆ ಅಪ್ಪ ನಾಚಿಕೆಯಿಂದಲೋ ಬೇಸತ್ತೋ ಬರೆದ. ಸೂಕಿ ಯಾರಿಗೂ ಥ್ಯಾಂಕ್ಸ್ ಹೇಳದೆ ತನ್ನ ಗಂಟು ಹೊತ್ತು ಹೋದಳು. ಹೇಳಬೇಕಾಗಿಯೂ ಇರಲಿಲ್ಲ.

ಅತ್ತೆ ಪ್ರತಿ ಅಕ್ಟೋಬರ್ ಮತಗಟ್ಟೆಗೆ ಹೋಗುತ್ತಲೇ ಇದ್ದಳು. ಮೇಜಿನ ಮುಂದೆ ನಿಂತು ‘ಯಾಕೆ?’ ಎಂದು ಕೇಳುವಳು, ಅಧಿಕಾರಿ ಎಲ್ಲರ ಮುಂದೆ ಕಾರಣ ಹೇಳುವವರೆಗೆ ಕದಲುತ್ತಿರಲಿಲ್ಲ. ಡೆರಿಕ್ ಅದಕ್ಕೆ ಹೆದರಿ ಎರಡು ವರ್ಷ ಮೈ ಹುಷಾರಿಲ್ಲವೆಂದು ಹೇಳಿ ಬರಲೇ ಇಲ್ಲ. ಕೊನೆಯ ಸಲ ಹೋದಾಗ ಅವಳಿಗೆ ಎಪ್ಪತ್ತನಾಲ್ಕು. ನಾನು ತೋಳು ಹಿಡಿದು ಕರೆದೊಯ್ದಿದ್ದೆ. ಮೇಜಿನ ಹಿಂದೆ ಹೊಸಬ, ಕಲಿತವನು, ಬಹಳ ವಿನಯದಿಂದ ಎದ್ದು ನಿಂತ.

‘ಅಜ್ಜಿ, ದಾರಿ ತಪ್ಪಿ ಬಂದ್ರಾ? ಇಲ್ಲಿ ಓಟು ನಡೀತಿದೆ.’

‘ಅದಕ್ಕೇ ಬಂದೆ. ಹದಿನೇಳು ವರ್ಷ ಇಲ್ಲೇ ಹಾಕಿದೀನಿ.’

ಅವನು ನನ್ನ ಕಡೆ ನೋಡಿ ಮೆಲ್ಲಗೆ ನಕ್ಕ. ‘ಹೆಂಗಸರು ಯಾವ ಕಾಲದಲ್ಲಿ ಓಟು ಹಾಕಿದ್ರು, ಅಜ್ಜಿ? ಯಾರೋ ನಿಮಗೆ ತಮಾಷೆಗೆ ಹೇಳಿರ್ಬೇಕು.’

ಆ ದಿನ ಅವಳು ಕೂಗಲಿಲ್ಲ. ಕೂಗಲು ಎದುರಿಗೊಬ್ಬ ವೈರಿ ಬೇಕು. ಇವನು ವೈರಿಯೂ ಆಗಿರಲಿಲ್ಲ. ಬಂಡಿಯಲ್ಲಿ ಕೂತು, ‘ಕಸಿದುಕೊಂಡೋರ ಜೊತೆ ಜಗಳ ಆಡಬಹುದು, ಫೀಬಿ. ಇರ್ಲೇ ಇಲ್ಲ ಅನ್ನೋರ ಜೊತೆ ಹೇಗೆ ಆಡೋದು?’ ಎಂದಳು. ಆ ಚಳಿಗಾಲದಲ್ಲೇ ತೀರಿಕೊಂಡಳು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಜೂಬಲ್ ಒಬ್ಬ. ಪ್ರಾಲ್ ದೂರದಲ್ಲಿ, ಬೇಲಿಯಾಚೆ ನಿಂತಿದ್ದ. ಒಳಗೆ ಬಾ ಎಂದು ನಾನು ಕರೆಯಲಿಲ್ಲ.

ಈ ವರ್ಷ, ಸಾವಿರದ ಎಂಟುನೂರ ನಲವತ್ನಾಲ್ಕರಲ್ಲಿ, ನ್ಯೂಜೆರ್ಸಿಗೆ ಹೊಸ ಸಂವಿಧಾನ ಬಂದಿದೆ. ಓಟಿಗೆ ಆಸ್ತಿ ಬೇಕಿಲ್ಲವಂತೆ. ನನ್ನ ಮಗ ಹಿಗ್ಗಿ ಓದಿ ಹೇಳಿದ. ‘ಪ್ರತಿಯೊಬ್ಬ ಬಿಳಿಯ ಗಂಡಸಿಗೆ’ ಎಂದು ಈ ಸಲ ಸಂವಿಧಾನದಲ್ಲೇ ಬರೆದಿದ್ದಾರೆ. ನಾನು ಆ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು, ಕೂರಿಸಿ, ಅತ್ತೆಯ ಕತೆಯನ್ನು ಮೊದಲಿನಿಂದ ಹೇಳಿದೆ. ಅವನು ಆಕಳಿಸಿದ. ಮತ್ತೆ ಮೊದಲಿನಿಂದ ಹೇಳಿದೆ.