ಕೆಳಗಿನ ಅಟ್ಟದ ಗಾಳಿ

ಕೊಯಮತ್ತೂರು ಸಿಂಗಾನಲ್ಲೂರಿನ ನಮ್ಮ ಬೀದಿಗೆ ಆ ದಿನ ಸಿರುವಾಣಿ ಅಣೆಕಟ್ಟಿನ ನೀರಿನ ಸರದಿ. ಬೆಳಿಗ್ಗೆ ಐದಕ್ಕೇ ಎದ್ದು ನಲ್ಲಿಯ ಕೆಳಗೆ ಕೊಡ ಇಟ್ಟೆ. ಎರಡು ಡ್ರಮ್ಮು, ಆರು ಕೊಡ ತುಂಬುವಷ್ಟರಲ್ಲಿ ಇಡ್ಲಿ ಬೆಂದಿತ್ತು. ಬಾಗಿಲಿಗೆ ರಂಗೋಲಿ ಹಾಕಲು ಕೂತರೆ ಪುಡಿ ಬೆರಳಿನಿಂದ ನೆಲ ಮುಟ್ಟುವ ಮೊದಲೇ ಹಾರಿಹೋಗುತ್ತಿತ್ತು. ಆಡಿ ತಿಂಗಳ, ಅಂದರೆ ನಮ್ಮ ಆಷಾಢದ ಗಾಳಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಈ ಗಾಳಿಗೆ ನಮ್ಮ ಬೀದಿಯ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿರುತ್ತವೆ. ನಾಲ್ಕು ಚುಕ್ಕಿ, ಎರಡು ಗೆರೆಗೆ ಮುಗಿಸಿ ಎದ್ದೆ. ನಮ್ಮವರು ಕುರಿಚಿಯ ಫೌಂಡ್ರಿಗೆ ಡಬ್ಬಿ ತೆಗೆದುಕೊಂಡು ಹೊರಟರು. ಆರೂಕಾಲಿಗೆ ಭಾವನ ಕಾರು ಬಂದು ನಿಂತಿತು.

ಭಾವ ಎಂದರೆ ನಮ್ಮವರ ಅಣ್ಣ ನಂಜಪ್ಪ. ಅನ್ನೂರಿನ ಕಡೆ ಹೊಲ ಮಾಡಿಕೊಂಡಿದ್ದವರು, ಕೆಲವು ವರ್ಷಗಳಿಂದ ಕುರಿ ವ್ಯಾಪಾರಕ್ಕೆ ಇಳಿದಿದ್ದಾರೆ. ಇಷ್ಟು ದಿನ ಬೇರೆಯವರ ಹೆಸರಿನಲ್ಲಿ ಗಲ್ಫಿಗೆ ಹೋಗುತ್ತಿದ್ದ ಅವರ ಕುರಿ ಈಗ ಮೊದಲ ಸಲ ಅವರದೇ ಹೆಸರಿನಲ್ಲಿ ಹೋಗಲಿತ್ತು. ಕೊಳ್ಳುವವರು ಒಂದು ಷರತ್ತು ಹಾಕಿದ್ದರು. ಧಾರಾಪುರದ ಷೆಡ್ಡಿನಿಂದ ಲಾರಿ ಹೊರಟ ಮೇಲೆ ನಿಂತ ಕಡೆಯಲ್ಲೆಲ್ಲ ಕುರಿಗಳ ಸ್ಥಿತಿ ನೋಡಿ ಬರೆಯಬೇಕು: ಉಸಿರು ಹೇಗಿದೆ, ಬಾಯಿ ತೆರೆದಿವೆಯೆ, ಎಷ್ಟು ಬಿದ್ದಿವೆ, ನೀರು ಕುಡಿದವೆ. ಕೇರಳದ ಗಡಿ ವಾಳಯಾರಿನ ಈಚೆಗಿರುವ ದೊಡ್ಡಿಯಲ್ಲಿ ಅವರ ಡಾಕ್ಟರು ಆ ಹಾಳೆಗಳನ್ನು ನೋಡಿ ಒಪ್ಪಿದರೆ ಮರುದಿನ ಬೆಳಗಿನ ಜಾವ ಕೊಚ್ಚಿಯಿಂದ ವಿಮಾನ, ಆಮೇಲೆ ತಿಂಗಳಿಗೊಂದು ಲೋಡು. ಒಪ್ಪದಿದ್ದರೆ ಭಾವನ ಹಿಂದೆ ಇನ್ನೊಬ್ಬರು ಕಾದು ನಿಂತಿದ್ದರು.

ಹಾಳೆಗಳು ಇಂಗ್ಲಿಷಿನಲ್ಲಿದ್ದವು. ನಮ್ಮ ಮನೆಯಲ್ಲಿ ಇಂಗ್ಲಿಷನ್ನು ಹೆದರದೆ ಬರೆಯುವವಳು ನಾನೊಬ್ಬಳೇ. ನನ್ನ ತವರು ಚಾಮರಾಜನಗರ, ಓದಿದ್ದು ಕಾನ್ವೆಂಟಿನಲ್ಲಿ. ಈ ಮನೆಯವರು ತಲೆಮಾರುಗಳಿಂದ ಕನ್ನಡವನ್ನೇ ಆಡಿದರೂ ಅದರ ಅಕ್ಷರ ಯಾರಿಗೂ ಬರುವುದಿಲ್ಲ. ಆದ್ದರಿಂದ ಮುಂದಿನದನ್ನು ಸ್ವಲ್ಪ ಧೈರ್ಯವಾಗಿಯೇ ಬರೆಯುತ್ತಿದ್ದೇನೆ.

ಹಾಳೆಗಳನ್ನು ನಾನು ಹಿಂದಿನ ಸಂಜೆಯೇ ತುಂಬಿಬಿಟ್ಟಿದ್ದೆ. ಊಟದ ಮೇಜಿನ ಮೇಲೆ ಹರಡಿಕೊಂಡು, ಭಾವ ಹೇಳಿದ ಹಾಗೆ, ಐದು ನಿಲುಗಡೆಗೆ ಐದು ಹಾಳೆ. ಉಸಿರು ಸರಿಯಾಗಿದೆ. ಬಿದ್ದವು ಇಲ್ಲ. ಹವೆ ಹಿತವಾಗಿದೆ, ಒಳ್ಳೆಯ ಗಾಳಿ. “ಅಮ್ಮಣಿ, ನೀ ಬರದ್ರೆ ಅಚ್ಚು ಹೊಡ್ದಂಗಿರ್ತದೆ. ಅಲ್ಲಿ ಹೋಗಿ ಯಾಕೆ ಒದ್ದಾಡ್ತೀಯ? ಟೈಮ್ ಮಾತ್ರ ಅಲ್ಲಿ ಹಾಕು,” ಅಂದಿದ್ದರು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಶಾಲೆಯಲ್ಲಿ ವಿಜ್ಞಾನದ ರೆಕಾರ್ಡನ್ನು ನಾವೆಲ್ಲ ಬರೆದದ್ದೂ ಹಾಗೆಯೇ, ಹಿರಿಯ ಹುಡುಗಿಯರ ಹಳೆಯ ಪುಸ್ತಕ ನೋಡಿಕೊಂಡು, ಪ್ರಯೋಗಕ್ಕೆ ಮೊದಲೇ.

ಸೂಲೂರು ದಾಟುವಾಗ ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಪಲ್ಲಡದಲ್ಲಿ ಟೀ, ಲೋಟಕ್ಕೆ ಹದಿನೈದು ರೂಪಾಯಿ, ಶುಂಠಿ ಹೆಚ್ಚು. ಅಲ್ಲಿಂದ ಮುಂದೆ ಮರಗಳು ಕಡಿಮೆಯಾಗಿ ಗಾಳಿಯಂತ್ರಗಳು ಶುರುವಾದವು. ಜೋಳದ ಹೊಲಗಳ ನಡುವೆ ಬಿಳಿಯ ಕಂಬಗಳು, ಒಂದೊಂದಕ್ಕೂ ಮೂರು ರೆಕ್ಕೆ, ಎಲ್ಲವೂ ಸುತ್ತುತ್ತಿದ್ದವು. ಭಾವ ದಾರಿಯುದ್ದಕ್ಕೂ ಲಾರಿಯ ಮಾತೇ ಆಡಿದರು. ಬೇರೆಯವರ ಲಾರಿಯಲ್ಲಿ ಕುರಿಯ ಕಾಲು ಹಲಗೆಯ ಸಂದಿಯಲ್ಲಿ ಸಿಕ್ಕಿ ಮುರಿಯುವುದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಅದಕ್ಕೇ ಈ ಸಲ ಕೆಳಗಿನ ಅಟ್ಟದ ಸುತ್ತ ಹೊಸ ಪ್ಲೈವುಡ್ ಹೊಡೆಸಿದ್ದರು. “ನಮ್ ಲಾರೀಲಿ ಕುರಿಗೆ ಮನೆ ಹಂಗೆ,” ಅಂದರು. ಅದನ್ನು ಹೇಳುವಾಗ ಅವರ ಮುಖ ನೋಡಿ ನನಗೂ ಸಂತೋಷವಾಯಿತು.

ಷೆಡ್ಡು ತಲುಪಿದಾಗ ಎಂಟು ಗಂಟೆ. ನಮ್ಮ ಮನೆಯಿಂದ ಸುಮಾರು ಎಪ್ಪತ್ತೈದು ಕಿಲೋಮೀಟರು. ಲಾರಿಗೆ ಎರಡು ಅಟ್ಟ, ಒಂದೊಂದಕ್ಕೆ ಅರವತ್ತು ಕುರಿ. ಈ ಸೀಮೆಯ ಕುರಿಗೆ ಉಣ್ಣೆ ಇಲ್ಲ, ಕಂದು ಬಣ್ಣದ ಗಿಡ್ಡ ಕೂದಲು, ಕಿವಿಗೆ ಹಳದಿ ಬಿಲ್ಲೆ. ಏರುವ ಹಲಗೆಗೆ ಜಾರದಂತೆ ಗೋಣಿ ಹಾಸಿದ್ದರು, ಹತ್ತುವ ಮೊದಲು ನೀರು ತೋರಿಸಿದ್ದರು. ಕೆಳಗಿನ ಅಟ್ಟ ಮೊದಲು ತುಂಬಿತು. ಆಮೇಲೆ ಬಿಲ್ಲೆಯ ನಂಬರುಗಳು ಪಟ್ಟಿಗೆ ತಾಳೆಯಾಗಲಿಲ್ಲ. ನಾನು ಒಂದೊಂದನ್ನೂ ಎರಡೆರಡು ಸಲ ಓದಿ ಹೇಳಿದೆ. ಎಂಟೂವರೆಗೆ ಹೊರಡಬೇಕಾದ ಲಾರಿ ಹತ್ತೂಮುಕ್ಕಾಲಿಗೆ ಹೊರಟಿತು. ಅಷ್ಟು ಹೊತ್ತೂ ಕೆಳಗಿನ ಅರವತ್ತು ಒಳಗೇ ಇದ್ದವು. ಅದು ಆಗ ನನಗೆ ಹೊಳೆಯಲಿಲ್ಲ.

ಮೊದಲನೇ ಹಾಳೆಗೆ ಷೆಡ್ಡಿನಲ್ಲೇ ಟೈಮ್ ಹಾಕಿದ್ದಾಗಿತ್ತು. ಕುಂಡಡದಲ್ಲಿ ಬೇವಿನ ಮರದ ಕೆಳಗೆ ಲಾರಿ ನಿಂತಾಗ ಎರಡನೆಯದಕ್ಕೆ ಹಾಕಿದೆ. ಮೇಲಿನ ಅಟ್ಟದ ಕುರಿಗಳು ಕಂಬಿಯ ನಡುವೆ ಮೂತಿ ತೂರಿಸಿ ಅರಚುತ್ತಿದ್ದವು. ಕೆಳಗಿನಿಂದ ಸದ್ದೇ ಇರಲಿಲ್ಲ. ಪಾಪ, ನಿದ್ದೆ ಮಾಡುತ್ತಿವೆ ಎಂದುಕೊಂಡೆ. ಡ್ರೈವರ್ ಮುರುಗೇಸನ್ ಬೀಡಿ ಆರಿಸಿ ಹತ್ತಿರ ಬಂದು, ಮೆಲ್ಲಗೆ, ಭಾವನಿಗೆ ಕೇಳಿಸದ ಹಾಗೆ ತಮಿಳಿನಲ್ಲಿ ಹೇಳಿದ: “ಅಕ್ಕಾ, ಅರಚೋ ಕುರಿಗೆ ಏನೂ ಆಗಿರಲ್ಲ. ಸುಮ್ನಿರೋದನ್ನ ನೋಡಿ.”

ಪಲ್ಲಡದಲ್ಲಿ ರಸ್ತೆ ಅಗೆದಿದ್ದರು. ಹನ್ನೆರಡು ಗಂಟೆಯ ಬಿಸಿಲು, ಮುಂದೆ ನೂಲಿನ ಲಾರಿ, ಹಿಂದೆ ಬಸ್ಸು, ನಡುವೆ ನಾವು. ಅರ್ಧ ಗಂಟೆ ಯಾವುದೂ ಅಲುಗಲಿಲ್ಲ. ಮುರುಗೇಸನ್ನನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಕಾರಿನಿಂದ ಇಳಿದು ಲಾರಿಯ ಪಕ್ಕಕ್ಕೆ ಹೋದೆ. ಪ್ಲೈವುಡ್ಡಿನ ಮೇಲಂಚಿಗೂ ಮೇಲಿನ ಅಟ್ಟಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಸಂದಿ. ಅದರೊಳಗೆ ಕೈ ಹಾಕಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಂಗೈಗೆ ಹಬೆ ಬಡಿಯಿತು. ಗಂಜಲದ ಘಾಟಿಗೆ ಕಣ್ಣು ಉರಿದು ನೀರು ಬಂತು. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣಿಸಿತು. ಮೇಲಿನ ಅಟ್ಟದಿಂದ ಸೋರಿದ ಗಂಜಲದಲ್ಲಿ ಬೆನ್ನು ಒದ್ದೆ. ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು, ನಾಲಿಗೆ ಹೊರಗೆ. ಪಕ್ಕೆಗಳು ಹೊಲಿಗೆ ಯಂತ್ರದ ಸೂಜಿಯಂತೆ ಹೊಡೆದುಕೊಳ್ಳುತ್ತಿದ್ದವು. ಹಾಳೆಯಲ್ಲಿ ಹೇಳಿದಂತೆ ಹತ್ತು ಕುರಿ ಆರಿಸಿಕೊಂಡು, ಕೈಗಡಿಯಾರ ನೋಡಿಕೊಂಡು ಉಸಿರು ಎಣಿಸಲು ಹೊರಟೆ. ಅರ್ಧ ನಿಮಿಷದೊಳಗೇ ಎಣಿಕೆ ತಪ್ಪಿಹೋಯಿತು, ಅಷ್ಟು ವೇಗ. ತೆರೆದ ಬಾಯಿಗಳನ್ನಾದರೂ ಎಣಿಸಿದೆ. ಹತ್ತರಲ್ಲಿ ಏಳು. ಮೂಲೆಯಲ್ಲಿ ಒಂದು ಬಿದ್ದಿತ್ತು, ಅದರ ಕಿವಿಯ ಮೇಲೆ ಇನ್ನೊಂದರ ಕಾಲು.

ಭಾವನಿಗೆ ಹೇಳಿದೆ. ಅವರು ಲಾರಿಯತ್ತ ನೋಡಲಿಲ್ಲ, ನನ್ನನ್ನು ನೋಡಿದರು.

“ಗಾಳಿ ಹಿಂಗೆ ಹೊಡೀತದಲ್ಲಮ್ಮಣಿ. ನಿನ್ ಸೆರಗೇ ನಿಲ್ತಾ ಇಲ್ಲ.”

“ಒಳಗಡೆ ಇಲ್ಲ ಭಾವ.”

“ಬೈಪಾಸ್ ಏರ್ಲಿ, ಓಡ್ತಾ ಓಡ್ತಾ ಸರಿಯಾಗ್ತದೆ. ಈಗ ಹಲಗೆ ತೆಗ್ದು ಒಂದರ ಕಾಲು ಮುರಿದ್ರೆ? ಆ ಡಾಕ್ಟ್ರಮ್ಮ ಲೋಡೇ ವಾಪಸ್ ಕಳಿಸ್ತಾಳೆ.”

ಅವರ ಹೆದರಿಕೆ ಸುಳ್ಳಲ್ಲ. ಆದರೆ ದಾರಿ ತೆರವಾಗಿ ಲಾರಿ ಓಡಿದಾಗಲೂ ನಾನು ಕಾರಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಗಾಳಿ ಎದುರಿನಿಂದ ಬರುತ್ತಿತ್ತು, ಎದುರಿಗೆ ಕ್ಯಾಬಿನ್ನು, ಪಕ್ಕಕ್ಕೆ ಪ್ಲೈವುಡ್ಡು. ಅದು ಒಳಗೆ ಹೋಗುವುದಾದರೂ ಎಲ್ಲಿಂದ? ಮಡಿಲಲ್ಲಿ ಮೂರನೇ ಹಾಳೆ ಇತ್ತು, ನಾನೇ ಬರೆದ ಮುದ್ದಾದ ಅಕ್ಷರ: ಹವೆ ಹಿತವಾಗಿದೆ, ಒಳ್ಳೆಯ ಗಾಳಿ. ಟೈಮ್ ಹಾಕಲು ಕೈ ಬರಲಿಲ್ಲ.

ಸೂಲೂರಿನ ಪೆಟ್ರೋಲ್ ಬಂಕಿನ ನೆರಳಿನಲ್ಲಿ ನಿಲ್ಲಿಸಿ ಎಂದು ನಾನೇ ಹೇಳಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಭಾವನಿಗೆ ಹೀಗೆ ಮಾಡಿ ಎಂದು ಹೇಳಿದ್ದು ಅದೇ ಮೊದಲು. ಮುರುಗೇಸನ್ ಯಾರ ಅಪ್ಪಣೆಗೂ ಕಾಯದೆ ಜಾಕಿಯ ಸಲಾಕೆ ತಂದು ಎರಡು ಹಲಗೆ ಮೀಟಿ ತೆಗೆದ. ಬಿಸಿಗಾಳಿ ಗಪ್ಪೆಂದು ಹೊರಗೆ ಬಂತು, ಹಿಂದೆಯೇ ಹತ್ತಾರು ಮೂತಿಗಳು. ಬಕೆಟ್ಟಿನಲ್ಲಿ ನೀರು ಒಡ್ಡಿದೆವು. ಬಿದ್ದಿದ್ದ ಕುರಿಯನ್ನು ಎಳೆದು ಹೊರಗೆ ಮಲಗಿಸಿದರೆ ಅದಕ್ಕೆ ತಲೆ ಎತ್ತಲೂ ಆಗಲಿಲ್ಲ. ಕಾಲಿಗೆ, ಹೊಟ್ಟೆಗೆ ನೀರು ಹಾಕಿದೆವು. ಮತ್ತೆ ಅಟ್ಟಕ್ಕೆ ಹಾಕಿದರೆ ಅಲ್ಲೇ ಸತ್ತುಹೋಗುತ್ತದೆ ಎಂದ ಮುರುಗೇಸನ್. ಭಾವ ಒಂದು ಗಳಿಗೆ ತಮ್ಮ ಹೊಸ ಕಾರನ್ನೂ ಕುರಿಯನ್ನೂ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಹಿಂದಿನ ಸೀಟಿಗೆ ಹಾಸಿದರು.

ಹೀಗೆ ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೈಪಾಸಿನಲ್ಲಿ ಪ್ರಯಾಣ ಮಾಡಿದೆ. ಅದರ ಉಸಿರು ನನ್ನ ಸೀರೆಗೆ ತಾಗುತ್ತಿತ್ತು. ಹಾಳೆಗಳನ್ನು ಫೈಲಿನ ಮೇಲಿಟ್ಟು ತಿದ್ದತೊಡಗಿದೆ. ತಪ್ಪನ್ನು ಗೀಚಿ ಕಪ್ಪು ಮಾಡಬಾರದು, ಕೆಳಗಿರುವುದು ಓದಲು ಸಿಗುವಂತೆ ಒಂದೇ ಗೆರೆ ಎಳೆದು ಮೇಲೆ ಸರಿ ಬರೆಯಬೇಕು ಎಂದು ನಮ್ಮ ಸಿಸ್ಟರು ಕಲಿಸಿದ್ದರು. ಹಾಗೆಯೇ ಮಾಡಿದೆ. ಕಾರಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಪಟ್ಟ ಬಂತು. ಭಾವ ಕನ್ನಡಿಯಲ್ಲಿ ನೋಡುತ್ತಿದ್ದರು. ಟೋಲ್ ದಾಟಿದ ಮೇಲೆ ಹೇಳಿದರು:

“ಡಿಕ್ಕೀಲಿ ಬೇರೆ ಫಾರಂ ಇದೆ. ಬರೀಲೇಬೇಕು ಅಂದ್ರೆ ಸುದ್ದವಾಗಿ ಬರಿ, ಹೊಡ್ದು ಹಾಕಿದ್ದು ಯಾಕೆ ತೋರಿಸ್ತೀಯ?”

“ನೋಡೋಕೆ ಮುಂಚೆ ಬರ್ದವಳು ನಾನೇ ಅಲ್ವಾ ಭಾವ. ಅದೂ ಕಾಣ್ಲಿ.”

“ನಿನ್ನ ಕೈಬರಹಕ್ಕೆ ಆಸೆಪಟ್ಟು ಕರ್ಕೊಂಡ್ ಬಂದೆ,” ಅಂದರು ಅವರು, ರಸ್ತೆಗೆ ಹೇಳಿದ ಹಾಗೆ.

ದೊಡ್ಡಿ ತಲುಪಿದಾಗ ಎರಡೂವರೆ. ಡಾಕ್ಟರು ನನ್ನ ವಯಸ್ಸಿನ ಮಲಯಾಳಿ ಹೆಂಗಸು, ಕಾಲಿಗೆ ರಬ್ಬರ್ ಬೂಟು. ಮೊದಲು ಕಾರಿನ ಸೀಟನ್ನು ನೋಡಿದರು, ಆಮೇಲೆ ಲಾರಿಯನ್ನು, ಕಡೆಗೆ ಹಾಳೆಗಳನ್ನು. ಗೆರೆಯ ಕೆಳಗಿದ್ದದ್ದನ್ನೂ ಬೆರಳಿಟ್ಟು ಓದಿ, ಇದನ್ನು ಬರೆದದ್ದು ಯಾವಾಗ ಎಂದು ಕೇಳಿದರು. ನಿನ್ನೆ ಸಂಜೆ, ಮನೆಯಲ್ಲಿ, ಎಂದೆ. ಅವರು ಹೊಗಳಲಿಲ್ಲ, ಬೈಯಲಿಲ್ಲ. ತಮಗೆ ಬರುವ ಹಾಳೆಗಳಲ್ಲಿ ಎಲ್ಲ ಕುರಿಯ ಉಸಿರೂ ಯಾವಾಗಲೂ ಸರಿಯಾಗಿಯೇ ಇರುತ್ತದೆ ಎಂದಷ್ಟೇ ಅಂದು, ಮೊದಲೆರಡು ಹಾಳೆಗೆ ಅಡ್ಡಗೆರೆ ಎಳೆಯಲು ನನಗೇ ಪೆನ್ನು ಕೊಟ್ಟರು. ಅವನ್ನು ನಾನು ನೋಡಿ ಬರೆದಿರಲಿಲ್ಲವಲ್ಲ.

ತೀರ್ಮಾನಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮೇಲಿನ ಅರವತ್ತು ಹೋಗಬಹುದು. ಕೆಳಗಿನ ಒಂದೂ ವಿಮಾನ ಹತ್ತುವಂತಿಲ್ಲ, ದೊಡ್ಡಿಯಲ್ಲೇ ಇರಬೇಕು. ತಿಂಗಳ ಲೋಡಿನ ಮಾತು ಈಗ ಬೇಡ, ಲಾರಿ ಸರಿಮಾಡಿಸಿ ಇನ್ನೊಮ್ಮೆ ಪ್ರಯಾಣ ಮಾಡಿ ತೋರಿಸಿದ ಮೇಲೆ ನೋಡೋಣ ಎಂದರು. ಭಾವ ತಲೆಯಾಡಿಸಿದರು. ಹೋಗುವ ಅರವತ್ತೂ ಅಲ್ಲಿ ಏನಾಗುತ್ತವೆ ಎಂಬುದು ನನಗೆ ಗೊತ್ತು. ಭಾನುವಾರ ನಮ್ಮ ಮನೆಯಲ್ಲೂ ಮಟನ್ ಬೇಯುತ್ತದೆ. ಆದರೂ ನೆರಳಿನಲ್ಲಿ ಮಲಗಿಸಿದ್ದ ಆ ಒಂದು ಕುರಿ ನಾಲ್ಕು ಕಾಲ ಮೇಲೆ ನಿಂತು ಬಕೆಟ್ಟಿಗೆ ಮೂತಿ ಇಟ್ಟಾಗ ನಾನು ಹೋಗಿ ಅದರ ಬಿಲ್ಲೆಯ ನಂಬರು ಓದಿ ಬಂದೆ. ಬೆಳಿಗ್ಗೆ ಎರಡು ಸಲ ಓದಿದ್ದ ನಂಬರೇ.

ಹೊರಡುವ ಹೊತ್ತಿಗೆ ಭಾವ ಕಾಣಲಿಲ್ಲ. ಹುಡುಕಿದರೆ ಖಾಲಿಯಾದ ಲಾರಿಯ ಕೆಳಗಿನ ಅಟ್ಟದಲ್ಲಿ, ಹಲಗೆ ಕೀಳದೆ ಉಳಿದ ಕಡೆ, ಮೊಣಕಾಲಿಗೆ ತಲೆ ತಾಗುವ ಹಾಗೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಸ್ವಲ್ಪ ಹೊತ್ತು ಹಾಗೆಯೇ ಇದ್ದು ಹೊರಗೆ ಬಂದಾಗ ಕನ್ನಡಕದ ಮೇಲೆ ಮಂಜು ಕಟ್ಟಿತ್ತು. ಅದನ್ನು ಅಂಗಿಯ ತುದಿಯಿಂದ ಒರೆಸಿಕೊಂಡು, ಉಳಿದದ್ದನ್ನೂ ಕಿತ್ತುಹಾಕು ಎಂದು ಮುರುಗೇಸನ್ನನಿಗೆ ಹೇಳಿದರು.

ಮಧುಕ್ಕರೈ, ಕುರಿಚಿ ದಾಟಿ ಸಿಂಗಾನಲ್ಲೂರಿಗೆ ಬಂದಾಗ ಐದೂವರೆ. ಕಾಫಿಗೆ ಕರೆದೆ, ಭಾವ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ, “ಮುಂದಿನ ಸಲ ಸೊಟ್ಟ ಕೈಬರಹದವ್ರನ್ನೇ ಕರ್ಕೊಂಡ್ ಹೋಗ್ಬೇಕಮ್ಮಣಿ,” ಅಂದರು. ಮುಂದಿನ ಸಲ ಎಂದರಲ್ಲ, ಅದನ್ನೇ ಹಿಡಿದುಕೊಂಡು ಗೇಟು ತೆಗೆದೆ.

ಪಕ್ಕದ ಮನೆಯ ಸರಸಕ್ಕ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ಎತ್ತುತ್ತಿದ್ದರು. ಅವರದೂ ಕನ್ನಡದ ಮನೆಯೇ, ನೇಯ್ಗೆಯವರು. ನನ್ನ ಸೀರೆಯ ಕಲೆ ಅವರಿಗೆ ಕಾಣಲಿಲ್ಲ. ಹಾರುತ್ತಿದ್ದ ದುಪ್ಪಟ್ಟಿಯೊಂದನ್ನು ಎರಡೂ ಕೈಯಿಂದ ಹಿಡಿದು ಮಡಚುತ್ತ, “ಇವತ್ತು ನಲ್ಲಾ ಗಾಳಿ, ಒಳ್ಳೇ ಗಾಳಿ ಅಲ್ವಾ,” ಅಂದರು. “ಹಗಲೆಲ್ಲ ನಾನು ಫ್ಯಾನೇ ಹಾಕ್ಲಿಲ್ಲ.”