ಲಿಫ್ಟ್ ರಿಪೇರಿಯವನು ಗಂಟುಹಾಕಿದ ಪುಸ್ತಕ

ನಮ್ಮ ಕಟ್ಟಡದ ಲಿಫ್ಟ್ ರಿಪೇರಿಯವನಿಗೆ ನಾವಿಟ್ಟ ಹೆಸರು ‘ಹೌದಾ ಅಣ್ಣ’. ಲಿಫ್ಟ್ ಕೆಟ್ಟಿದೆ ಎಂದರೂ ‘ಹೌದಾ?’, ಸರಿಹೋಯಿತು ಎಂದರೂ ‘ಹೌದಾ?’. ತಾನೇ ಬಿಗಿದ ಬೋಲ್ಟನ್ನೂ ನಂಬದೆ, ಮರಳಿನ ಮೂಟೆಗಳನ್ನು ಐದು ಮಹಡಿ ಹತ್ತಿಸಿ ಇಳಿಸಿದ ಮೇಲೆಯೇ ನಮ್ಮನ್ನು ಒಳಗೆ ಬಿಡುವ ಆಸಾಮಿ. ಅವನ ಚೀಲದಲ್ಲಿ ಸ್ಪ್ಯಾನರುಗಳ ಜೊತೆ ಗ್ರೀಸು ಮೆತ್ತಿದ ಒಂದು ವಿಜ್ಞಾನದ ಪುಸ್ತಕವಿರುತ್ತಿತ್ತು: ಯಾವುದನ್ನು ನಂಬಬೇಕು, ಯಾಕೆ ನಂಬಬೇಕು ಎಂಬುದರ ಬಗ್ಗೆ. ಸಿಕ್ಕವರಿಗೆಲ್ಲ “ಓದಿ” ಎಂದು ಗಂಟುಬೀಳುತ್ತಿದ್ದ. ನಾನು ಅವನನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಿದ್ದೆ.

ನನಗೆ ಪುರುಸೊತ್ತಾದರೂ ಎಲ್ಲಿ? ಚಿಂತೆ ಮಾಡುವುದೇ ಪೂರ್ಣಾವಧಿ ಕೆಲಸ. ಮಗನಿಗೆ ಎರಡು ತುಂಬಿದರೂ ಮಾತು ‘ಬಾ’ ಬಿಟ್ಟು ಮುಂದೆ ಹೋಗಿರಲಿಲ್ಲ. ಕಿವಿ ಕೇಳುತ್ತದೋ ಇಲ್ಲವೋ ಎಂದು ದಿನಕ್ಕೆ ಇಪ್ಪತ್ತು ಬಾರಿ ಚಿಟಿಕೆ ಹೊಡೆಯುತ್ತಿದ್ದೆ; ಅವನು ತಿರುಗಿದೊಡನೆ ಹೋದ ಜೀವ ಬರುತ್ತಿತ್ತು.

“ಅವರಪ್ಪನೂ ಮೂರು ವರ್ಷ ಬಾಯಿ ಬಿಟ್ಟಿರ್ಲಿಲ್ಲ ಕಣೆ” ಎನ್ನುತ್ತಿದ್ದರು ಅತ್ತೆ. ಬಿಟ್ಟ ಮೇಲೂ ಹೇಳಿದ್ದು ಅಷ್ಟಕ್ಕಷ್ಟೇ ಎಂಬುದು ನನ್ನ ಸ್ವಂತ ಸಂಶೋಧನೆ.

ಒಂದು ಬೆಳಿಗ್ಗೆ ಲಿಫ್ಟಿನ ಮುಂದೆ ಹೌದಾ ಅಣ್ಣನ ಕೈಯಿಂದ ನಟ್ಟೊಂದು ಠಿಣ್ ಎಂದು ಬಿತ್ತು. ನಾನು ತಿರುಗಿದೆ. ಬೆನ್ನು ಹಾಕಿ ಕೂತಿದ್ದ ಮಗ ತಿರುಗಲಿಲ್ಲ.

“ಅಕ್ಕಾ, ಮಗೂಗೆ ಕಿವಿ...”

“ಚೆನ್ನಾಗಿದೆ! ಚಿಟಿಕೆ ಹೊಡೆದ್ರೆ ತಿರುಗ್ತಾನೆ.”

“ಹೌದಾ? ಎಲ್ಲಿ, ಹೊಡೀರಿ.”

ಹೊಡೆದೆ. ತಿರುಗಿದ. ನಾನು ಹುಬ್ಬು ಹಾರಿಸಿದೆ.

“ಪಕ್ಕಕ್ಕೆ ಬಗ್ಗಿ ಹೊಡೆದ್ರಲ್ಲ, ಕೈ ಕಾಣ್ತು ಅವನಿಗೆ. ಹಿಂದೆ ನಿಂತು, ನೆರಳೂ ಬೀಳದ ಹಾಗೆ ಹೊಡೀರಿ. ನೀವು ಸೋಲೋಕೂ ಜಾಗ ಇರ್ಬೇಕು ಅಕ್ಕ, ಆಗ್ಲೇ ಅದು ಪರೀಕ್ಷೆ.”

‘ನಿನ್ನ ಲಿಫ್ಟ್ ನೋಡ್ಕೋ ಹೋಗಯ್ಯ’ ಎಂದು ಬಾಯಿತುದಿಗೆ ಬಂದಿತ್ತು. ನುಂಗಿಕೊಂಡು ಹಿಂದೆ ನಿಂತೆ. ಒಂದು ಸಲ, ಎರಡು, ಐದು. ಮಗ ಆಟದ ಕಾರಿನ ಚಕ್ರ ತಿರುಗಿಸುತ್ತಲೇ ಇದ್ದ.

“ಹಾಗಾದ್ರೆ... ಕಿವುಡಾ?” ನನ್ನ ದನಿ ನನಗೇ ಕೇಳಿಸಲಿಲ್ಲ.

“ಅದು ನಂಗೇನ್ ಗೊತ್ತು? ನಾನು ಲಿಫ್ಟಿನವನು. ಕಿವಿ ನೋಡೋರ ಹತ್ರ ಹೋಗಿ, ಇವತ್ತೇ.” ಪುಸ್ತಕವನ್ನು ಕೈಗೆ ತುರುಕಿದ. “ಅಲ್ಲಿ ಕಾಯಿಸ್ತಾರೆ. ಮೂರನೇ ಅಧ್ಯಾಯ ಓದಿ.”

ಕಾಯಿಸಿದರು. ಓದಿದೆ. ಹಾರುವ ತಟ್ಟೆಗಳ ಮೇಲೆ ನಲವತ್ತು ಪುಟ ಬರೆದ ಲೇಖಕನಿಗೆ ತನ್ನ ಜೋಕುಗಳಿಗೆ ತಾನೇ ನಗುವ ಚಟ. ಆ ಪುಟಗಳನ್ನು ಧಾರಾಳವಾಗಿ ಹಾರಿಸಿ. ಆದರೆ ಮೂರನೆಯ ಅಧ್ಯಾಯ, ನಮಗೆ ಬೇಕಾದ ಉತ್ತರವನ್ನೇ ಹೆಕ್ಕಿಕೊಳ್ಳುವ ನಮ್ಮ ಜಾಣತನದ ಬಗ್ಗೆ, ಎಲ್ಲ ತಾಯಂದಿರೂ ಓದಬೇಕು. ಅಜ್ಜಿಯಂದಿರಂತೂ ಎರಡು ಸಲ.

ಕಿವಿಪೊರೆಯ ಹಿಂದೆ ನೀರು ತುಂಬಿದೆ, ತೆಗೆಯಬಹುದು ಎಂದರು ವೈದ್ಯೆ. ತೆಗೆದರು. ಮರುವಾರ ಅಡುಗೆಮನೆಯಲ್ಲಿ ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ್ದೇ ತಡ, ಮಂಚದಡಿಯಿಂದ ಮಗ ಓಡಿಬಂದ. ಕಾಕತಾಳೀಯವಿರಬಹುದೆಂದು ಅವನನ್ನು ವಾಪಸು ಕಳಿಸಿ, ಬಾಗಿಲ ಹಿಂದೆ ನಿಂತು ಇನ್ನೊಂದು ಬಿಚ್ಚಿದೆ. ಮತ್ತೆ ಬಂದ.

“ಮಗೂ ಹೊಟ್ಟೆ ಕೆಡಿಸ್ತೀಯಲ್ಲೇ!” ಎಂದು ಅತ್ತೆ ಕೂಗಾಡಿದರು. ನಾನು ಮೂರನೆಯದಕ್ಕೆ ಕೈ ಹಾಕಿದೆ.