ಹಾಡುವವರಿಗೆ ಬೆನ್ನು ತೋರಿಸದ ಆರ್ಡಿತ್

ಬೆಳಕು ಇನ್ನೂ ಬೆಟ್ಟದ ಈಚೆಗೆ ಇಳಿದಿಲ್ಲ. ಹಿಕರಿ ಕೋವ್ ಬಯಲು ರಂಗಮಂದಿರದ ಹುಲ್ಲಿನ ಇಳಿಜಾರು ಇಬ್ಬನಿಯಲ್ಲಿ ತೊಯ್ದಿದೆ. ಇಳಿಜಾರಿನ ತುತ್ತತುದಿಯಲ್ಲಿ, ಬೇಲಿಯ ಮೂಲೆಗೆ ಸಾಲಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಶೌಚಾಲಯಗಳ ಬಾಗಿಲನ್ನು ಆರ್ಡಿತ್ ಪ್ರೂಯಿಟ್ ಒಂದೊಂದಾಗಿ ತೆರೆದು, ಕಾಗದದ ಸುರುಳಿ ಸಿಕ್ಕಿಸಿ, ಚಿಲಕ ಬೀಳುತ್ತದೆಯೇ ಎಂದು ಎಳೆದು ನೋಡುತ್ತಿದ್ದಾರೆ. ಅರವತ್ತು ದಾಟಿದ ಹೆಂಗಸು, ಮಂಡಿ ಸವೆದಿದೆ. ಕೆಳಗೆ ವೇದಿಕೆಯ ಮುಂದೆ ಕಬ್ಬಿಣದ ಬ್ಯಾರಿಕೇಡ್ ಜೋಡಿಸುವ ಸದ್ದು ಕೇಳಿದಾಗಲೆಲ್ಲ ಅವರ ಕೈ ಒಂದು ಗಳಿಗೆ ನಿಲ್ಲುತ್ತದೆ. ಹೋದ ಬೇಸಿಗೆಯವರೆಗೆ ಅದು ಅವರ ಜಾಗವಾಗಿತ್ತು.

ಇವತ್ತು ಸಂಜೆ ಪಾಪ್ಲರ್ ಗ್ಯಾಪ್ ಬ್ಯಾಂಡ್ ಹಾಡುತ್ತದೆ. ಟೆನೆಸಿ ರಾಜ್ಯದ ಈ ಕಣಿವೆಗಳಲ್ಲಿ ಆ ತಂಡದ ಹಾಡು ಬಾಯಿಗೆ ಬಾರದ ಟ್ರಕ್ ಚಾಲಕನಿಲ್ಲ. ಹಾಡುಗಳೆಲ್ಲ ದುಡಿಯುವವರ ಮೇಲೆಯೇ: ಮರ ಕೊಯ್ಯುವ ಮಿಲ್ಲಿನವನ ಮೇಲೊಂದು, ಹೋಟೆಲಿನಲ್ಲಿ ತಟ್ಟೆ ಎತ್ತುವವಳ ಮೇಲೊಂದು. ಅಂಥ ದುಡಿಯುವವರೊಬ್ಬರು ವರ್ಷಗಟ್ಟಲೆ ಆ ವೇದಿಕೆಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು, ಹಾಡುವವರ ಮುಖವನ್ನು ಮಾತ್ರ ನೋಡುವಂತಿರಲಿಲ್ಲ. ಮುಂದಿನ ಸಾಲಿನ ಕಾವಲಿನವರು ಜನರಿಗೆ ಮುಖ ಮಾಡಿ, ವೇದಿಕೆಗೆ ಬೆನ್ನು ಹಾಕಿ ನಿಲ್ಲಬೇಕು. ಸೆಕೆಗೆ ಕಣ್ಣು ಮೇಲಾಗುವವರನ್ನು ಬೀಳುವ ಮುಂಚೆಯೇ ಹಿಡಿದು, ಬೇಲಿ ದಾಟಿಸಿ, ನೀರು ಕುಡಿಸಬೇಕು.

“ಪಿಟೀಲಿನವನು ಮುಂದಕ್ಕೆ ಬಂದ ಅಂದ್ರೆ ಹೆಂಗಸರ ಹುಬ್ಬು ಮೇಲೆ ಹೋಗುತ್ತೆ. ಜನರ ಮುಖದಲ್ಲಿ ನಾನು ನೋಡಿರೋ ಬ್ಯಾಂಡು ಅಷ್ಟೇ,” ಎಂದು ಆರ್ಡಿತ್ ನಗುತ್ತಾರೆ.

ಈ ಬೆಟ್ಟದ ಚರ್ಚುಗಳಲ್ಲಿ ಬೆಳೆದವರಿಗೆ ಇದು ಸುಲಭದ ಕೆಲಸವಲ್ಲ. ದೇವರ ಹಾಡು ಹಾಡುವವರಿಗೆ ಬೆನ್ನು ತೋರಿಸುವುದೆಂದರೆ ಇಲ್ಲಿ ಮುಖಕ್ಕೆ ಉಗಿದಷ್ಟೇ ಅವಮಾನ. ಚಿಕ್ಕವರಿದ್ದಾಗ ಹಾಡಿನ ನಡುವೆ ಹಿಂದಿರುಗಿ ನೋಡಿದ್ದಕ್ಕೆ ತಾಯಿ ಬೀಸಣಿಗೆಯ ಹಿಡಿಯಿಂದ ಬೆರಳ ಗೆಣ್ಣಿಗೆ ಕುಟ್ಟಿದ್ದನ್ನು ಆರ್ಡಿತ್ ಮರೆತಿಲ್ಲ. ಬ್ಯಾಂಡಿನವರದು ಮೋಜಿನ ಹಾಡು, ಅದಕ್ಕೆ ಆ ಕಟ್ಟಳೆಯಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೇ ಅವರು ಕೆಲಸ ಮಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ತಂಡದವರು ಇದ್ದಕ್ಕಿದ್ದಂತೆ ವಾದ್ಯಗಳನ್ನು ಕೆಳಗಿಟ್ಟು, ಇಲ್ಲಿ ಸತ್ತವರನ್ನು ಮಣ್ಣು ಮಾಡುವ ದಿನ ಹಾಡುವ ಹಳೆಯ ದೇವರ ಹಾಡನ್ನು ಬರಿಗಂಟಲಲ್ಲಿ ಎತ್ತಿಕೊಂಡರು. ಇಳಿಜಾರಿನ ಉದ್ದಕ್ಕೂ ಟೋಪಿಗಳು ಕೆಳಗಿಳಿದವು. ಆರ್ಡಿತ್ ಕೂಡ ಟೋಪಿ ತೆಗೆದು ವೇದಿಕೆಯ ಕಡೆ ತಿರುಗಿ ನಿಂತರು.

“ನಾನು ತಿರುಗಿದ್ದಲ್ಲ, ನಮ್ಮಮ್ಮ ತಿರುಗಿಸಿದ್ದು,” ಎನ್ನುತ್ತಾರೆ ಅವರು.

ಮರುದಿನವೇ ಗುತ್ತಿಗೆ ಕಂಪನಿ ಅವರನ್ನು ಶೌಚಾಲಯಕ್ಕೆ ಅಟ್ಟಿತು. ಕೆಲಸದ ವೇಳೆಯಲ್ಲಿ ಬ್ಯಾಂಡ್ ನೋಡಿದರಂತೆ! ಕಾವಲಿನವರ ಕಣ್ಣು ಜನರ ಮೇಲಿರಬೇಕು, ಒಪ್ಪೋಣ. ಆದರೆ ಆ ಹಾಡು ನಡೆಯುವಾಗ ಈ ಬೆಟ್ಟದಲ್ಲಿ ಒಂದು ನರಪಿಳ್ಳೆಯೂ ನಿಂತಲ್ಲಿಂದ ಅಲುಗುವುದಿಲ್ಲ, ಕಾಯುವ ಕೆಲಸವೇ ಇರುವುದಿಲ್ಲ ಎಂಬುದನ್ನು ದಾರಿಹೋಕನನ್ನು ಕೇಳಿದ್ದರೂ ಹೇಳುತ್ತಿದ್ದ. ಅದೇ ಸಂಜೆ ಕಂಪನಿಯ ಅತಿಥಿಗಳು ವೇದಿಕೆಯ ಪಕ್ಕದಲ್ಲೇ ಬಿಯರ್ ಲೋಟ ಹಿಡಿದು, ಹಾಡು ಮುಗಿಯುವತನಕ ಹರಟುತ್ತ ನಿಂತಿದ್ದರು. ಅವರೆದುರು ಯಾರೂ ತುಟಿ ಬಿಚ್ಚಲಿಲ್ಲ. ಹಾಡಿಗೆ ಮರ್ಯಾದೆ ಕೊಟ್ಟವರಿಗೆ ಕಕ್ಕಸು, ಕೊಡದವರಿಗೆ ವೇದಿಕೆಯ ಪಕ್ಕದ ಜಾಗ. ಇದು ಯಾವ ಸೀಮೆಯ ನ್ಯಾಯ?

ಮುಂದಿನ ಸಾಲಿನ ಕಾಯಂ ಗಿರಾಕಿಗಳು ಸುಮ್ಮನಿರಲಿಲ್ಲ. ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹೊಯ್ಟ್ ಲೆಡ್‌ಬೆಟರ್ ಕಂಪನಿಗೆ ಫೋನು ಮಾಡಿ ಮಾಡಿ ಜೀವ ಹಿಂಡಿದ್ದಾರೆ. ಆರ್ಡಿತ್ ಜಾಗದಲ್ಲಿ ನಿಲ್ಲಿಸಿದವನು ದನ ಕಟ್ಟುವ ಗೂಟದಂತಿದ್ದಾನೆ, ತಮ್ಮ ಹೆಂಡತಿ ಸೆಕೆಗೆ ಕುಸಿದು ಒಂದು ಹಾಡು ಮುಗಿದರೂ ಅವನಿಗೆ ಗೊತ್ತಾಗಲಿಲ್ಲ ಎಂಬುದು ಅವರ ದೂರು.

ಅದರ ಫಲವಾಗಿ ಮಧ್ಯಾಹ್ನ ಮೇಲ್ವಿಚಾರಕ ಬ್ರೈಸ್ ಏದುಸಿರು ಬಿಡುತ್ತ ಇಳಿಜಾರು ಹತ್ತಿ ಬರುತ್ತಾನೆ. ಪಟ್ಟಣದಿಂದ ಬಂದ ಹುಡುಗ, ಕೆಟ್ಟವನಲ್ಲ. ಇವತ್ತೇ ಮುಂದಿನ ಸಾಲಿಗೆ ಬರಬಹುದು, ಆದರೆ ಇನ್ನು ತಿರುಗುವುದಿಲ್ಲ ಎಂದು ಮಾತು ಕೊಡಬೇಕು ಎನ್ನುತ್ತಾನೆ.

“ಆ ಹಾಡಿಗೂನಾ?”

“ಆ ಹಾಡಿಗೂ, ಮಿಸ್ ಆರ್ಡಿತ್. ಸುಮ್ನೆ ಹೂಂ ಅಂದ್ಬಿಡಿ. ಮೇಲಿನವರಿಗೆ ನಾನೂ ಉತ್ತರ ಹೇಳ್ಬೇಕಲ್ವಾ?”

ಆರ್ಡಿತ್ ಊಟದ ಡಬ್ಬಿಯಿಂದ ಟೊಮ್ಯಾಟೊ ಸ್ಯಾಂಡ್‌ವಿಚ್ ತೆಗೆದು, ಅರ್ಧ ಮುರಿದು ಅವನ ಕೈಗಿಡುತ್ತಾರೆ. ಕೆಳಗಿನ ಬ್ಯಾರಿಕೇಡಿನ ಕಡೆ ನೋಡಿ ಹೇಳುತ್ತಾರೆ.

“ಹೂಂ ಅಂದ್ರೆ ಸುಳ್ಳಾಗುತ್ತೆ ಮಗಾ. ಆ ಹಾಡು ಎತ್ತಿದ್ರೆ ನನ್ನ ಕಾಲು ನನ್ನ ಮಾತೇ ಕೇಳಲ್ಲ, ನಿನ್ನ ಮಾತು ಕೇಳುತ್ತಾ? ಹೊಯ್ಟನ ಹೆಂಡತಿ ಮೇಲೆ ಒಂದು ಕಣ್ಣಿಡು. ಅವಳ ತುಟಿ ಬೆಳ್ಳಗಾದ್ರೆ ತಡ ಮಾಡ್ಬೇಡ.”

ಬ್ರೈಸ್ ಸ್ಯಾಂಡ್‌ವಿಚ್ ಹಿಡಿದುಕೊಂಡೇ ಇಳಿದು ಹೋಗುತ್ತಾನೆ.

ಸಂಜೆ ಇಳಿಜಾರಿನಲ್ಲಿ ಕಾಲಿಡಲು ಜಾಗವಿಲ್ಲ. ಕುಣಿತ, ಸಿಳ್ಳೆ. ಶೌಚಾಲಯದ ಮುಂದೆ ಉದ್ದನೆಯ ಸಾಲು. ಇಲ್ಲಿಂದ ವೇದಿಕೆ ಕಾಣುವುದಿಲ್ಲ, ಬಿಯರ್ ಅಂಗಡಿಯ ಗುಡಾರ ಅಡ್ಡವಿದೆ. ಹೊತ್ತು ಮುಳುಗುವಾಗ ಬ್ಯಾಂಜೊ ನಿಲ್ಲುತ್ತದೆ, ಪಿಟೀಲು ನಿಲ್ಲುತ್ತದೆ. ಬರಿಗಂಟಲ ದನಿ ಬೆಟ್ಟವೇರಿ ಬರುತ್ತದೆ. ಆರ್ಡಿತ್ ಟೋಪಿ ತೆಗೆದು ಎದೆಗಿಟ್ಟುಕೊಂಡು, ಆ ಗುಡಾರದ ಬಟ್ಟೆಗೆ ಮುಖ ಮಾಡಿ ನಿಲ್ಲುತ್ತಾರೆ. ಕಾಗದ ಮುಗಿದಿದೆ ಎಂದು ಬಂದವನೊಬ್ಬ ಅವರನ್ನು ನೋಡಿ ತನ್ನ ಟೋಪಿಯನ್ನೂ ತೆಗೆಯುತ್ತಾನೆ.

ಹಾಡು ಮುಗಿಯುತ್ತದೆ. ಆರ್ಡಿತ್ ಅವನಿಗೆ ಹೊಸ ಸುರುಳಿ ಕೊಟ್ಟು, ಕೈ ಒರೆಸಿಕೊಳ್ಳುತ್ತಾರೆ.

“ಇಲ್ಲಿಂದ ಏನೂ ಕಾಣಲ್ಲ, ನಿಜ. ಆದ್ರೆ ಯಾವ ಕಡೆ ಮುಖ ಮಾಡಿ ನಿಲ್ಬೇಕು ಅಂತ ನಂಗೆ ಹೇಳೋರೂ ಇಲ್ಲಿಲ್ಲ.”